ಅಗ್ಗದ ಪ್ಲೈವುಡ್ ಎಲ್ಲಿ ಸಿಗುತ್ತದೆ? ಮೊದಲು ನಿಮ್ಮ ತುಂಡಿನ ರಾಶಿ ನೋಡಿ

ಪ್ರಶ್ನೆ:
ನಮಸ್ಕಾರ ಸರ್. ನನ್ನದು ಚಿಕ್ಕ ಫರ್ನಿಚರ್ ಕೆಲಸ. ನಾನು, ಜೊತೆಗೆ ಇಬ್ಬರು ಹುಡುಗರು. ಪುಸ್ತಕದ ಕಪಾಟು, ಟಿವಿ ಯೂನಿಟ್, ಓದುವ ಮೇಜು, ಒಮ್ಮೊಮ್ಮೆ ಅಡುಗೆಮನೆ ಕೆಲಸವನ್ನೂ ಮಾಡುತ್ತೇವೆ. ತಿಂಗಳಿಗೆ 25ರಿಂದ 30 ಶೀಟ್ ಪ್ಲೈ ಬೇಕು, ಅದರಲ್ಲಿ ಹೆಚ್ಚಿನದು 18 ಎಂಎಂ. ಈಗ ಚಿಲ್ಲರೆ ಅಂಗಡಿಯಿಂದ ಐದೈದು ಶೀಟ್ ತರುತ್ತಿದ್ದೇನೆ. ಸಾಮಾನಿನ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ಲೈಗೇ ಹೋಗುತ್ತಿದೆ. ಈಗ ಒಬ್ಬ ಡೀಲರ್ ಶೇ 15 ಕಡಿಮೆಗೆ ಕೊಡುತ್ತೇನೆ ಎಂದಿದ್ದಾರೆ. ಸ್ಯಾಂಪಲ್ ತುಂಡು ಚೆನ್ನಾಗೇ ಇದೆ. ತಗೊಳ್ಳಬಹುದಾ? ಇದಕ್ಕಿಂತ ಕಡಿಮೆಗೆ ಸಿಗುವ ದಾರಿ ಏನಾದರೂ ಇದೆಯಾ?

ಉತ್ತರ:
ನಮಸ್ಕಾರ. ನಾನು 20 ವರ್ಷದಿಂದ ಇದೇ ಧೂಳಿನಲ್ಲಿ ಇದ್ದೇನೆ. ಸ್ಯಾಂಪಲ್ ಯಾವತ್ತೂ ಚೆನ್ನಾಗೇ ಇರುತ್ತದೆ ಸರ್. ಕೆಟ್ಟ ಸ್ಯಾಂಪಲ್ ತಂದು ತೋರಿಸಿದ ಡೀಲರ್‌ನ ನಾನಂತೂ ನೋಡಿಲ್ಲ.

ಶೇ 15 ಅಂದ ತಕ್ಷಣ ಖುಷಿಯಾಗಬೇಡಿ. ಒಂದು ಲೆಕ್ಕ ಹಾಕಿ. ಈಗ ತರುವ ಶೀಟಿನ ಬೆಲೆ 100 ಎಂದು ಇಟ್ಟುಕೊಳ್ಳಿ, ಅವರದ್ದು 85. 8×4 ಶೀಟ್ ಅಂದರೆ 32 ಚದರ ಅಡಿ. ಒಳ್ಳೆ ಶೀಟಿನಲ್ಲಿ 30 ಚದರ ಅಡಿ ಕೆಲಸಕ್ಕೆ ಬಂತು ಅಂದರೆ ಅಡಿಗೆ 3.33 ಬಿತ್ತು. ಅಗ್ಗದ ಶೀಟಿನಲ್ಲಿ ಮೂಲೆ ಪೊಳ್ಳು, ಒಂದು ಕಡೆ ಉಬ್ಬು ಅಂತ ಬಿಟ್ಟು 25 ಚದರ ಅಡಿ ಬಂತು ಅಂದರೆ 3.40. ಅಗ್ಗದ್ದೇ ದುಬಾರಿ ಆಯಿತಲ್ವಾ? ಇದರಲ್ಲಿ ಪುಟ್ಟಿ ತುಂಬಿದ್ದು, ಉಜ್ಜಿದ್ದು, ಗಿರಾಕಿ ಮನೆಗೆ ಎರಡನೇ ಸಲ ಹೋಗಿ ಬಾಗಿಲು ಸರಿಮಾಡಿದ್ದು ಯಾವುದೂ ಸೇರಿಲ್ಲ.

ಹಾಗಂತ ಅವರ ಮಾಲು ಕೆಟ್ಟದ್ದೇ ಎಂದು ನಾನು ಹೇಳುತ್ತಿಲ್ಲ. ಕೊಯ್ದು ನೋಡಿ. ಸ್ಯಾಂಪಲ್ ತುಂಡನ್ನಲ್ಲ. ಅವರ ಗೋಡೌನಿಗೆ ಹೋಗಿ, ರಾಶಿಯ ಮಧ್ಯದಿಂದ ನೀವೇ ಎಳೆದ ಒಂದು ಪೂರ್ತಿ ಶೀಟ್ ದುಡ್ಡು ಕೊಟ್ಟು ತನ್ನಿ. ಮೊದಲು ಎರಡು ಕರ್ಣ ಅಳೆಯಿರಿ. 2440×1220 ಶೀಟಿನಲ್ಲಿ ಎರಡೂ 2728 ಎಂಎಂ ಆಸುಪಾಸು ಇರಬೇಕು. ಎರಡರ ನಡುವೆ ನಾಲ್ಕೈದು ಎಂಎಂ ವ್ಯತ್ಯಾಸ ಬಂದರೆ ಶೀಟೇ ಓರೆ. ಆಮೇಲೆ ಗೆಣ್ಣಿನಿಂದ ಗೇಣಿಗೊಂದರಂತೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಒಂದು ಸದ್ದು, ಪೊಳ್ಳು ಇದ್ದ ಕಡೆ ಬೇರೆ ಸದ್ದು. ಒಂದು ಶೀಟ್ ತಟ್ಟಿದರೆ ಕಿವಿಗೆ ಗೊತ್ತಾಗಿಬಿಡುತ್ತದೆ. ಸದ್ದು ಬದಲಾದ ಕಡೆ ಪೆನ್ಸಿಲ್ ಗುರುತು ಹಾಕಿ, ಅದರ ಮೇಲೇ ಗರಗಸ ಓಡಿಸಿ.

ಕೊಯ್ದ ಅಂಚನ್ನು ಬೆಳಕಿಗೆ ಹಿಡಿಯಿರಿ. ಪದರಗಳು ಒಂದೇ ದಪ್ಪ ಇದ್ದರೆ ಸರಿ. ಒಂದರ ಮೇಲೊಂದು ಹತ್ತಿದ್ದರೆ ಓವರ್‌ಲ್ಯಾಪ್, ಮುಂದೆ ಮೈಕಾ (ಪ್ಲೈ ಮೇಲೆ ಅಂಟಿಸುವ ಹಾಳೆ) ಮೇಲೆ ಗೆರೆಯಾಗಿ ಎದ್ದು ಕಾಣುತ್ತದೆ. ಎರಡು ತುಂಡಿನ ನಡುವೆ ಕಪ್ಪು ಕಿಂಡಿ ಇದ್ದರೆ ಕೋರ್ ಗ್ಯಾಪ್. ಅಲ್ಲಿ ಸ್ಕ್ರೂ ಬಿದ್ದರೆ ಹಿಡಿಯುವುದಿಲ್ಲ, ಸುಮ್ನೆ ತಿರುಗುತ್ತದೆ. ದಪ್ಪವನ್ನು ವರ್ನಿಯರ್ ಕ್ಯಾಲಿಪರ್ ಎಂಬ ಅಳತೆ ಸಾಧನದಲ್ಲಿ ನಾಲ್ಕು ಕಡೆ ಅಳೆಯಿರಿ. 18 ಎಂದು ಬರೆದು 17 ಕೊಡುವುದು ಈ ವ್ಯಾಪಾರದಲ್ಲಿ ಹಳೇ ಆಟ. ಒಂದು ಎಂಎಂ ತಾನೇ ಅನಿಸುತ್ತದೆ. ಆದರೆ ಹಲಗೆ ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನದ ಲೆಕ್ಕದಲ್ಲಿ ಏರಿಳಿಯುತ್ತದೆ. 18ರ ಬದಲು 17 ಬಂದರೆ ಆ ಶಕ್ತಿ ಶೇ 16ರಷ್ಟು ಹೋಯಿತು.

ನನಗೂ ಒಮ್ಮೆ ಹೀಗೇ ಆಗಿದೆ. ಸ್ಯಾಂಪಲ್ ನೋಡಿ 40 ಶೀಟ್ ಇಳಿಸಿಕೊಂಡೆ. ಮೇಲಿನ ಎಂಟು ಶೀಟ್ ಬಂಗಾರ, ಕೆಳಗಿನದ್ದೆಲ್ಲ ಬೇರೆಯೇ ಮಾಲು. ಸ್ಯಾಂಪಲ್ ತುಂಡನ್ನು ನಾನು ವಾಪಸ್ ಕೊಟ್ಟುಬಿಟ್ಟಿದ್ದೆ, ವಾದ ಮಾಡಲು ಕೈಯಲ್ಲಿ ಏನೂ ಇರಲಿಲ್ಲ. ಅವತ್ತಿನಿಂದ ಸ್ಯಾಂಪಲ್ ಅಂಚಿನ ಮೇಲೆ ತಾರೀಕು, ಇಬ್ಬರ ಸಹಿ ಹಾಕಿಸಿ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಮಾತು. ನಿಮ್ಮ ವರ್ಕ್‌ಶಾಪ್ ಮೂಲೆಯಲ್ಲಿ ತುಂಡಿನ ರಾಶಿ ಇದೆಯಲ್ಲ, ಅದರಲ್ಲಿ ಜಾಸ್ತಿ ಇರುವುದು ಯಾವ ಅಳತೆಯ ತುಂಡು? ಹೇಳಿ, ಆಮೇಲೆ ಮಾತಾಡೋಣ.

ಪ್ರಶ್ನೆ ಕೇಳಿದವರು:
ಈಗಷ್ಟೇ ನೋಡಿದೆ ಸರ್. ಅರ್ಧಕ್ಕೂ ಹೆಚ್ಚು ಉದ್ದನೆ ಪಟ್ಟಿಗಳು, ಅಗಲ ಹದಿನಾರು ಇಂಚಿಗೆ ಸ್ವಲ್ಪ ಕಡಿಮೆ. ನಮ್ಮ ಕಪಾಟಿನ ಶೆಲ್ಫ್ ಅಗಲ 16 ಇಂಚು. ಶೀಟಿಗೆ ಎರಡು ಪಟ್ಟಿ ಸರಿಯಾಗಿ ಬರುತ್ತವೆ, ಮೂರನೆಯದು ಚೂರು ಕಡಿಮೆ ಬೀಳುತ್ತದೆ. ಅದನ್ನು ಡ್ರಾಯರ್‌ಗೆ ಬಳಸುತ್ತೇವೆ, ಉಳಿದದ್ದು ಹಾಗೇ ಬಿದ್ದಿರುತ್ತದೆ.

ಉತ್ತರ:
ನಿಮ್ಮ ಅಗ್ಗದ ಪ್ಲೈ ಅಲ್ಲೇ ಬಿದ್ದಿದೆ ಸರ್!

ನಾಲ್ಕಡಿ ಅಂದರೆ 48 ಇಂಚು, ಮೂರು ಹದಿನಾರು ನಲವತ್ತೆಂಟು ಎಂದು ಬಾಯಿಲೆಕ್ಕ ಸರಿಯಾಗೇ ಇದೆ. ಆದರೆ ಬ್ಲೇಡ್ ಕೂಡ ತಿನ್ನುತ್ತದೆ. ಸಾಮಾನ್ಯ ಟೇಬಲ್ ಸಾ ಬ್ಲೇಡ್ ಒಂದು ಕೊಯ್ತಕ್ಕೆ 3.2 ಎಂಎಂ ನುಂಗುತ್ತದೆ. 16 ಇಂಚು ಅಂದರೆ 406.4 ಎಂಎಂ. ಎರಡು ಪಟ್ಟಿ, ಎರಡು ಕೊಯ್ತ ಕಳೆದರೆ 1220ರಲ್ಲಿ ಉಳಿಯುವುದು 400.8. ಬರೀ ಐದೂವರೆ ಎಂಎಂ ಸಾಲದೆ ಎಂಟಡಿಯ ಒಂದು ಪಟ್ಟಿ ಪ್ರತಿ ಶೀಟಿಗೂ ಮೂಲೆ ಸೇರುತ್ತಿದೆ.

ಶೆಲ್ಫ್ ಅಗಲವನ್ನು 400 ಎಂಎಂ ಮಾಡಿ. ಮೂರು ಪಟ್ಟಿ, ಎರಡು ಕೊಯ್ತ ಸೇರಿ 1206.4. ಫ್ಯಾಕ್ಟರಿ ಅಂಚು ಸವರಲು ಇನ್ನೂ 13 ಎಂಎಂ ಉಳಿಯುತ್ತದೆ. ಕಾಲು ಇಂಚು ಕಡಿಮೆಯಾಯಿತು ಎಂದು ಯಾವ ಪುಸ್ತಕವೂ ಕೆಳಗೆ ಬೀಳುವುದಿಲ್ಲ. 30 ಇಂಚು ಉದ್ದದ ಶೆಲ್ಫ್ ಆದರೆ ಒಂದು ಪಟ್ಟಿಗೆ ಮೂರು. ಈಗ ಶೀಟಿಗೆ ಆರು ಬರುವ ಕಡೆ ಒಂಬತ್ತು ಬರುತ್ತದೆ. 90 ಶೆಲ್ಫಿಗೆ 15 ಶೀಟ್ ಬೇಕಿದ್ದದ್ದು 10ಕ್ಕೆ ಮುಗಿಯಿತು. ಯಾವ ಡೀಲರ್ ನಿಮಗೆ ಇಷ್ಟು ರಿಯಾಯಿತಿ ಕೊಡುತ್ತಾನೆ ಹೇಳಿ.

ಎರಡಡಿ ಆಳದ ಬೀರುವಿನಲ್ಲೂ ಇದೇ ಕಥೆ. ಎರಡಡಿಯ ಎರಡು ಪಟ್ಟಿ ನಾಲ್ಕಡಿ ಶೀಟಿನಲ್ಲಿ ಕೂರುವುದಿಲ್ಲ, ಎರಡನೆಯದು ಎರಡು-ಮೂರು ಎಂಎಂ ತಪ್ಪುತ್ತದೆ. 600 ಎಂಎಂ ಎಂದು ಬರೆದುಕೊಳ್ಳಿ. ಅಡಿ-ಇಂಚಿನಲ್ಲಿ ಮಾತಾಡಿ, ಆದರೆ ಕೊಯ್ಯುವ ಅಳತೆಗಳನ್ನು ಎಂಎಂನಲ್ಲಿ ಬರೆಯಿರಿ.

ಹಾಗೆಯೇ ಶೆಲ್ಫ್ ಉದ್ದ. 36 ಇಂಚು ಇದ್ದ ಶೆಲ್ಫನ್ನು 30ಕ್ಕೆ ತಂದರೆ, ಮೇಲೆ ಅದೇ ತರ ಪುಸ್ತಕ ತುಂಬಿದರೂ ಬಾಗುವುದು ಅರ್ಧಕ್ಕೆ ಇಳಿಯುತ್ತದೆ. ಆಗ 18ರ ಜಾಗದಲ್ಲಿ 16 ಎಂಎಂ ಹಾಕಿದರೂ ಹಳೇ 36 ಇಂಚಿನ ಶೆಲ್ಫಿಗಿಂತ ಕಡಿಮೆಯೇ ಬಾಗುತ್ತದೆ. ಪಕ್ಕದ ಹಲಗೆಗೆ 18 ಇರಲಿ, ಸ್ಕ್ರೂ ಹಿಡಿಯಬೇಕು. ಬೆನ್ನಿಗೆ 6 ಎಂಎಂ ಸಾಕು. ಎಲ್ಲ ಕಡೆ 18 ಹಾಕುವುದು ನಮ್ಮಲ್ಲಿ ಅರ್ಧ ಅಭ್ಯಾಸ, ಅರ್ಧ ಭಯ.

ಇನ್ನೊಬ್ಬರು:
ಅಣ್ಣಾ, ಮಧ್ಯೆ ಬಾಯಿ ಹಾಕುತ್ತೇನೆ. ಎಂಆರ್ (ತೇವ ತಡೆಯುವ), ಬಿಡಬ್ಲ್ಯುಆರ್ (ಕುದಿ ನೀರು ತಡೆಯುವ), ಬಿಡಬ್ಲ್ಯುಪಿ (ಕುದಿ ನೀರಿಗೂ ಜಗ್ಗದ) ಎಂಬ ಪ್ಲೈ ದರ್ಜೆಗಳಲ್ಲಿ ಅಂಗಡಿಯವರು ಯಾವಾಗಲೂ ದುಬಾರಿಯದ್ದನ್ನೇ ತಗೊಳ್ಳಿ ಅನ್ನುತ್ತಾರೆ. ನಿಜವಾಗಿ ಎಲ್ಲಿಗೆ ಯಾವುದು ಬೇಕು?

ಉತ್ತರ:
ಮುಖ್ಯ ವ್ಯತ್ಯಾಸ ಅಂಟಿನದ್ದು. ಎಂಆರ್‌ನಲ್ಲಿ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಗಾಳಿಯ ತೇವ ತಡೆಯುತ್ತದೆ, ನೀರು ನಿಂತರೆ ತಡೆಯುವುದಿಲ್ಲ. ಕಪಾಟು, ಟಿವಿ ಯೂನಿಟ್, ಮಂಚ, ಮೇಜು ಇವಕ್ಕೆಲ್ಲ ಒಳ್ಳೆ ಎಂಆರ್ ಧಾರಾಳ ಸಾಕು. ಸಿಂಕ್ ಕೆಳಗೆ, ನೆಲಕ್ಕೆ ತಾಗುವ ಕಡೆ, ಬಚ್ಚಲ ಹತ್ತಿರ ಬಿಡಬ್ಲ್ಯುಆರ್ ಅಥವಾ ಬಿಡಬ್ಲ್ಯುಪಿ ಹಾಕಿ. ಅವುಗಳಲ್ಲಿ ಫಿನಾಲ್ ಅಥವಾ ಮೆಲಮೈನ್ ಸೇರಿದ ಅಂಟು ಇರುತ್ತದೆ. ಒಂದೇ ಯೂನಿಟ್ಟಿನಲ್ಲಿ ಎರಡು ದರ್ಜೆ ಬಳಸಿದರೆ ತಪ್ಪೇನಿಲ್ಲ. ಗಿರಾಕಿಗೆ ಮೊದಲೇ ಹೇಳಿ, ಬಿಲ್ಲಿನಲ್ಲೂ ಬರೆಯಿರಿ.

ಅಂದ ಹಾಗೆ, ಕೆಂಪು ಬಣ್ಣ ನೋಡಿ ವಾಟರ್‌ಪ್ರೂಫ್ ಎಂದು ನಂಬಬೇಡಿ. ಮೇಲಿನ ಪದರಕ್ಕೆ ಬಣ್ಣ ಬಳಿಯುವುದೂ ಇದೆ. ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಿಡಬ್ಲ್ಯುಪಿ ಎಂದು ಕೊಟ್ಟ ಮಾಲಿನಿಂದ ಎರಡಿಂಚಿನ ತುಂಡು ಕೊಯ್ದು ಕುದಿಯುವ ನೀರಿಗೆ ಹಾಕಿ. ಮೆರೈನ್, ಅಂದರೆ ಬಿಡಬ್ಲ್ಯುಪಿ ದರ್ಜೆಯ ಅಂಟಿಗೆ 72 ಗಂಟೆ ಕುದಿಸುವ ಪರೀಕ್ಷೆ ಇದೆ. ನಾವು ಅಷ್ಟು ಹೊತ್ತು ಒಲೆ ಕಾಯಬೇಕಿಲ್ಲ. ಸುಳ್ಳು ಮಾಲು ಕೆಲವೇ ಗಂಟೆಗಳಲ್ಲಿ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಎಂಆರ್ ತುಂಡನ್ನು ಮಾತ್ರ ಹೀಗೆ ಕುದಿಸಿ ಬಯ್ಯಬೇಡಿ, ಅದನ್ನು ಅದಕ್ಕೆ ಮಾಡಿದ್ದೇ ಅಲ್ಲ.

ಪ್ರಶ್ನೆ ಕೇಳಿದವರು:
ಸರ್, ಕೊಯ್ತದ ಲೆಕ್ಕ ಹುಡುಗರಿಗೆ ತೋರಿಸಿದೆ, ಇಬ್ಬರೂ ಮುಖ ಮುಖ ನೋಡಿಕೊಂಡರು. ಈಗ ಕೊಳ್ಳುವ ವಿಷಯ ಹೇಳಿ. ನೇರ ಫ್ಯಾಕ್ಟರಿಯಿಂದ ತರಿಸುವುದು ಒಳ್ಳೆಯದಾ? 30 ಶೀಟಿಗೆ ಯಾರಾದರೂ ಕೊಡುತ್ತಾರಾ?

ಉತ್ತರ:
30 ಶೀಟಿಗೆ ಫ್ಯಾಕ್ಟರಿಯವರು ಸಾಮಾನ್ಯವಾಗಿ ಮನಸ್ಸು ಮಾಡುವುದಿಲ್ಲ. ಅವರ ಲೆಕ್ಕ ಲಾರಿಯದ್ದು. ನಿಮಗೆ ಬೇಕಾದವರು ಚಿಲ್ಲರೆ ಅಂಗಡಿಗೆ ಮಾಲು ಹಾಕುವ ಹೋಲ್‌ಸೇಲ್ ಡಿಸ್ಟ್ರಿಬ್ಯೂಟರ್. ಅಲ್ಲಿ ಹೋಗಿ ಐದು ಶೀಟ್ ಕೇಳಬೇಡಿ. ತಿಂಗಳಿಗೆ 30 ಶೀಟ್, ಇದೇ ಬ್ರ್ಯಾಂಡು, ಇದೇ ದಪ್ಪ, ಇಂಥ ತಾರೀಕಿಗೆ ಎಂದು ಬರೆದುಕೊಂಡು ಹೋಗಿ. ಗ್ಯಾರಂಟಿ ಗಿರಾಕಿಗೆ ಸಿಗುವ ಬೆಲೆಯೇ ಬೇರೆ.

ನಗದಿಗೆ ಎಷ್ಟು, ಸಾಲಕ್ಕೆ ಎಷ್ಟು ಎಂದು ಎರಡು ಬೆಲೆ ಕೇಳಿ. 45 ದಿನದ ಸಾಲ ಸುಮ್ನೆ ಯಾರೂ ಕೊಡುವುದಿಲ್ಲ, ಬಡ್ಡಿ ಶೀಟಿನ ಒಳಗೇ ಕೂತಿರುತ್ತದೆ. ತೆರಿಗೆ, ಸಾಗಣೆ, ಇಳಿಸುವ ಕೂಲಿ ಸೇರಿಸಿ ನಿಮ್ಮ ಬಾಗಿಲಿಗೆ ಬಂದ ಬೆಲೆ ಹೋಲಿಸಿ. ಬಿಲ್ಲಿನಲ್ಲಿ ಬ್ರ್ಯಾಂಡು, ದರ್ಜೆ, ದಪ್ಪ ಮೂರೂ ಇರಲಿ. ಕೊಯ್ದ ಮೇಲೆ ಪೊಳ್ಳು ಕಂಡರೆ ಬದಲಿಸಿ ಕೊಡುತ್ತೀರಾ ಎಂದು ಮೊದಲೇ ಕೇಳಿ. ಒಂದೆರಡು ರೂಪಾಯಿ ಜಾಸ್ತಿಯಾದರೂ ಬದಲಿಸಿ ಕೊಡುವವರ ಹತ್ತಿರವೇ ನಾನು ಹೋಗುತ್ತೇನೆ.

ಅಕ್ಕಪಕ್ಕದಲ್ಲಿ ನಿಮ್ಮಂಥವರೇ ಇನ್ನಿಬ್ಬರು ಇದ್ದರೆ ಒಟ್ಟಿಗೆ ತರಿಸಿ. ಆದರೆ ದುಡ್ಡು ಮೊದಲು ಒಟ್ಟು ಮಾಡಿ, ಆಮೇಲೆ ಆರ್ಡರ್ ಕೊಡಿ. ನಾವು ಮೂವರು ಸೇರಿ ತರಿಸಿದಾಗ ಒಬ್ಬರ ಪಾಲಿನ ದುಡ್ಡು ಬರಲು ನಾಲ್ಕು ತಿಂಗಳು ಹಿಡಿಯಿತು. ಉಳಿಸಿದ್ದಕ್ಕಿಂತ ಫೋನ್ ಮಾಡಿದ್ದೇ ಜಾಸ್ತಿ.

ಮತ್ತೊಬ್ಬರು:
ಪ್ಲೈಯೇ ಯಾಕೆ ಸರ್? ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಪಾರ್ಟಿಕಲ್ ಬೋರ್ಡ್ (ಮರದ ಚೂರು ಒತ್ತಿ ಮಾಡಿದ್ದು) ಹಾಕಿದರೆ ಇನ್ನೂ ಕಡಿಮೆ ಅಲ್ವಾ? ದೋಷ ಇದೆ ಎಂದು ಕಡಿಮೆಗೆ ಮಾರುವ ಸೆಕೆಂಡ್ಸ್ ಮಾಲೂ ಸಿಗುತ್ತದೆ.

ಉತ್ತರ:
ಹಾಕಿ, ಜಾಗ ನೋಡಿ ಹಾಕಿ. ಪೇಂಟ್ ಹೊಡೆಯುವ ಬಾಗಿಲಿಗೆ ಎಂಡಿಎಫ್ ಪ್ಲೈಗಿಂತ ಚೆನ್ನ, ಮೈ ನುಣುಪು. ನೀರು ಕಂಡರೆ ಉಬ್ಬುತ್ತದೆ, ಅಂಚಿಗೆ ಸ್ಕ್ರೂ ಹಾಕಿದರೆ ಸೀಳುತ್ತದೆ, ಮೊದಲೇ ಸಣ್ಣ ಪೈಲಟ್ ತೂತು ಕೊರೆಯಲೇಬೇಕು. ಪಾರ್ಟಿಕಲ್ ಬೋರ್ಡಿನಲ್ಲಿ ಒಮ್ಮೆ ಬಿಚ್ಚಿದ ಸ್ಕ್ರೂ ಮತ್ತೆ ಅದೇ ತೂತಿನಲ್ಲಿ ಹಿಡಿಯುವುದು ಕಷ್ಟ. ಆಗಾಗ ಮನೆ ಬದಲಿಸುವವರಿಗೆ ಅದು ಬೇಡ. ಉದ್ದನೆ ಬಾಗಿಲಿಗೆ ಬ್ಲಾಕ್‌ಬೋರ್ಡ್ ನೋಡಿ, ಒಳಗೆ ಜೋಡಿಸಿದ ಮರದ ಪಟ್ಟಿಗಳು ಉದ್ದಕ್ಕೆ ಇರುವುದರಿಂದ ಅಷ್ಟು ಸುಲಭಕ್ಕೆ ಬಾಗುವುದಿಲ್ಲ.

ಸೆಕೆಂಡ್ಸ್ ವಿಷಯದಲ್ಲಿ ಒಂದೇ ಪ್ರಶ್ನೆ ಕೇಳಿ: ತಪ್ಪು ಮೇಲಿದೆಯಾ, ಒಳಗಿದೆಯಾ? ಮೇಲೆ ಗೀರು, ತೇಪೆ, ಬಣ್ಣದ ವ್ಯತ್ಯಾಸ ಇದ್ದರೆ ಕಣ್ಣುಮುಚ್ಚಿ ತನ್ನಿ, ಹೇಗೂ ಮೈಕಾ ಬರುತ್ತದೆ. ಪದರ ಬಿಟ್ಟಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಸಣ್ಣ ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಅದು ಹುಳು. ಆ ಶೀಟನ್ನು ವರ್ಕ್‌ಶಾಪ್ ಒಳಗೇ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ ಕೇಳಿದವರು:
ಇನ್ನೊಂದು ಚಿಕ್ಕ ಪ್ರಶ್ನೆ ಸರ್. ತಂದಿಟ್ಟ ಶೀಟ್ ಬಾಗುತ್ತಿವೆ. ಜಾಗ ಇಲ್ಲ ಎಂದು ಗೋಡೆಗೆ ಒರಗಿಸಿ ಇಡುತ್ತೇವೆ.

ಉತ್ತರ:
ಬಾಗದೆ ಇನ್ನೇನಾಗುತ್ತದೆ! ಮಲಗಿಸಿ. ಕೆಳಗೆ ಒಂದೇ ಎತ್ತರದ ನಾಲ್ಕೈದು ರೀಪರ್ (ಮರದ ಪಟ್ಟಿ), ಎರಡು ರೀಪರ್ ನಡುವೆ ಎರಡಡಿ. ನೆಲಕ್ಕೆ, ಗೋಡೆಗೆ ತಾಗದಂತೆ ಇರಲಿ. ಎಲ್ಲಕ್ಕಿಂತ ಮೇಲೆ ಒಂದು ಹಳೇ ಶೀಟ್ ಹಾಕಿ ಮುಚ್ಚಿ. ಒಂದು ತಿಂಗಳಿಗಿಂತ ಜಾಸ್ತಿ ಸ್ಟಾಕ್ ಮಾಡಬೇಡಿ, ದುಡ್ಡೂ ಕಟ್ಟಿಹಾಕಿದಂತೆ, ಜಾಗವೂ ಹೋದಂತೆ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ಮೇಲೆ):
ಆ ಡೀಲರ್ ಹತ್ತಿರ ಹೋಗಿ ರಾಶಿಯ ಮಧ್ಯದಿಂದ ಒಂದು ಶೀಟ್ ಎಳೆಸಿ ತಂದೆ ಸರ್. ತಟ್ಟಿ ಗುರುತು ಹಾಕಿ ಕೊಯ್ದೆ. ಮೂರು ಕಡೆ ಗ್ಯಾಪ್. ಒಂದು ಕಡೆಯಂತೂ ಸ್ಟೀಲ್ ಸ್ಕೇಲ್ ತೂರಿಸಿದರೆ ನಾಲ್ಕು ಇಂಚು ಒಳಗೆ ಹೋಯಿತು. ದಪ್ಪ 17.1. ಸ್ಯಾಂಪಲ್ ತುಂಡು ಮಾತ್ರ 18.

ಉತ್ತರ:
ಒಂದು ಶೀಟಿಗೆ ಪಾಠ ಮುಗಿಯಿತಲ್ಲ, ಒಳ್ಳೆಯದೇ ಆಯಿತು. ಆ ಅಂಚನ್ನು ಒಂದಡಿ ಕೊಯ್ದು ಇಟ್ಟುಕೊಳ್ಳಿ. ಡಿಸ್ಟ್ರಿಬ್ಯೂಟರ್ ಹತ್ತಿರ ಹೋಗುವಾಗ ಜೊತೆಗೆ ಒಯ್ದು ಟೇಬಲ್ ಮೇಲಿಟ್ಟು, ಇಂಥದ್ದು ಬೇಡ ಎನ್ನಿ. ಉಳಿದ ಶೀಟಿನಲ್ಲಿ ಗಟ್ಟಿ ಇರುವ ಭಾಗ ನೋಡಿ ಡ್ರಾಯರ್ ಪಕ್ಕಗಳನ್ನು ಮಾಡಿ. ಶೆಲ್ಫ್ ಬೇಡ.