ಸಂಬಳದ ತಕರಾರು ಮುಗಿಯುವವರೆಗೆ ಗಾಯಾಳುವಿನ ಹಣ ತಡೆಹಿಡಿಯಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. ಪೀಣ್ಯದ ಒಂದು ಚಿಕ್ಕ ವರ್ಕ್‌ಶಾಪ್‌ನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಒಟ್ಟು ಏಳು ಜನ, ಇಎಸ್‌ಐ (ನೌಕರರ ರಾಜ್ಯ ವಿಮೆ) ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪವರ್ ಪ್ರೆಸ್ ಆಪರೇಟರ್ ಒಬ್ಬರ ಕೈ ಜಜ್ಜಿಹೋಯಿತು, ಇನ್ನೂ ಕೆಲಸಕ್ಕೆ ಬರಲಾಗಿಲ್ಲ. ರಿಜಿಸ್ಟರ್‌ನಲ್ಲಿ ಅವರ ಸಂಬಳ 14,000. ಕೈಗೆ ಬರುತ್ತಿದ್ದದ್ದು 20,000 ಅಂತ ಅವರು ಹೇಳುತ್ತಾರೆ. ‘ಇದು ಮೊದಲು ತೀರ್ಮಾನ ಆಗಲಿ, ಆಮೇಲೆ ಒಟ್ಟಿಗೆ ಕೊಡೋಣ. ಕಟ್ಟಿರೋ ಆಸ್ಪತ್ರೆ ಬಿಲ್ಲನ್ನೂ ಅದ್ರಲ್ಲೇ ಮುರ್ಕೊಳ್ಳೋಣ’ ಅಂತಾರೆ ಓನರ್. ಸರಿನಾ?

ಉತ್ತರ: ನಮಸ್ಕಾರ. ಎರಡೂ ಸರಿಯಲ್ಲ.

ಹೊಸ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾದದ್ದು 2025ರ ನವೆಂಬರ್ 21ಕ್ಕೆ. ನಿಮ್ಮಲ್ಲಿನ ಅಪಘಾತ ಅದಕ್ಕಿಂತ ಮೊದಲಿನದು, ಹಾಗಾಗಿ 1923ರ ನೌಕರರ ಪರಿಹಾರ ಕಾಯ್ದೆಯ ಲೆಕ್ಕ. ದುಡಿಯಲಾಗದಿರುವಷ್ಟು ಕಾಲ, ಹೆಚ್ಚೆಂದರೆ 5 ವರ್ಷ, ತಿಂಗಳ ಸಂಬಳದ ಶೇ 25ರಷ್ಟನ್ನು ಅರ್ಧ ತಿಂಗಳಿಗೊಮ್ಮೆ ಕೊಡಬೇಕು. 28 ದಿನಕ್ಕೂ ಮೀರಿದ ಪ್ರಕರಣವಾದ್ದರಿಂದ ಮೊದಲ ಕಂತು 16ನೇ ದಿನವೇ ಕೊಡಬೇಕಿತ್ತು.

ಈಗ ಜಗಳ ಎಷ್ಟರದ್ದು ನೋಡಿ. ಸಂಬಳ 20,000 ಅಂತಲೇ ರುಜುವಾತಾದರೂ ಕಾಯ್ದೆ ಲೆಕ್ಕ ಹಿಡಿಯುವುದು 15,000ದವರೆಗೆ ಮಾತ್ರ. ಅವರ ಲೆಕ್ಕದಲ್ಲಿ ಕಂತು 3,750, ನಿಮ್ಮ ಓನರ್ ಲೆಕ್ಕದಲ್ಲಿ 3,500. ಬರೀ 250 ರೂಪಾಯಿಯ ತಕರಾರಿಗೆ ಪೂರ್ತಿ ಹಣ ನಿಲ್ಲಿಸಿದ್ದಾರೆ! ಇಎಸ್‌ಐ ಇದ್ದಿದ್ದರೆ ಸಂಬಳದ ಶೇ 90ರಷ್ಟು ಬರುತ್ತಿತ್ತು. ಈಗಿನ ಕಂತು ಈ ಊರಿನ ಬಾಡಿಗೆಗೂ ಸಾಕಾಗದು, ಅದನ್ನೂ ಹಿಡಿದಿಟ್ಟರೆ ಆ ಮನೆಯವರು ಏನು ತಿನ್ನಬೇಕು?

ಕಲಂ 4ಎ ಸ್ಪಷ್ಟವಾಗಿದೆ. ಮಾಲೀಕ ಕೇಳಿದಷ್ಟನ್ನು ಒಪ್ಪದಿದ್ದರೆ, ತಾನು ಒಪ್ಪುವಷ್ಟನ್ನು ಕೊಡಲೇಬೇಕು, ಇಲ್ಲವೇ ಈ ಕಾಯ್ದೆಯಡಿಯ ಪರಿಹಾರ ಆಯುಕ್ತರಲ್ಲಿ ಠೇವಣಿ ಇಡಬೇಕು. ಕಾರ್ಮಿಕ ಅದನ್ನು ತೆಗೆದುಕೊಂಡ ಮಾತ್ರಕ್ಕೆ ಉಳಿದದ್ದನ್ನು ಕೇಳುವ ಹಕ್ಕು ಹೋಗುವುದಿಲ್ಲ. ಬಾಕಿ ಒಂದು ತಿಂಗಳು ದಾಟಿದರೆ ವರ್ಷಕ್ಕೆ ಶೇ 12 ಬಡ್ಡಿ. ತಡಕ್ಕೆ ಸಮರ್ಥನೆಯಿಲ್ಲದಿದ್ದರೆ ಶೇ 50ರವರೆಗೆ ದಂಡ. ಆಸ್ಪತ್ರೆ ಬಿಲ್ ಬೇರೆಯೇ ಬಾಬ್ತು, ಪರಿಹಾರದಲ್ಲಿ ಮುರಿಯುವಂತಿಲ್ಲ.

ಈ ವಾರವೇ ಬಾಕಿ ಕಂತುಗಳನ್ನು 3,500ರ ಲೆಕ್ಕದಲ್ಲಿ ಅವರ ಬ್ಯಾಂಕ್ ಖಾತೆಗೆ ಹಾಕಿಸಿ. ವೋಚರ್‌ನಲ್ಲಿ ‘ಸಂಬಳದ ತಕರಾರು ಬಾಕಿ ಇದೆ’ ಅಂತ ಬರೆಯಿರಿ. ‘ಲೆಕ್ಕ ಚುಕ್ತಾ’ ಅಂತ ಸಹಿ ಹಾಕಿಸಿಕೊಳ್ಳಬೇಡಿ, ಹಕ್ಕು ಬಿಟ್ಟುಕೊಡುವ ಕರಾರನ್ನು ಕಲಂ 17 ಮಾನ್ಯ ಮಾಡುವುದಿಲ್ಲ.

ಪ್ರಶ್ನೆ: ಓನರ್‌ಗೆ ತೋರಿಸಿದೆ ಮೇಡಂ. ಈಗ ಇನ್ಶೂರೆನ್ಸ್‌ನವರ ಉತ್ತರ ಬರಲಿ ಅಂತಾರೆ. ಜೊತೆಗೆ, ಪ್ರೆಸ್‌ನ ಸೇಫ್ಟಿ ಗಾರ್ಡನ್ನು (ಕೈ ಸಿಕ್ಕದಂತೆ ತಡೆಯುವ ಕವಚ) ಆಪರೇಟರೇ ಬಿಚ್ಚಿದ್ದರು, ನಮ್ಮ ಜವಾಬ್ದಾರಿಯೇ ಇಲ್ಲ ಅನ್ನುತ್ತಿದ್ದಾರೆ.

ಉತ್ತರ: ಇನ್ಶೂರೆನ್ಸ್ ಓನರ್ ಮತ್ತು ಕಂಪನಿ ನಡುವಿನ ವ್ಯವಹಾರ. ಕಾರ್ಮಿಕರಿಗೆ ಕೊಡುವ ಹೊಣೆ ಅದಕ್ಕಾಗಿ ಕಾಯುವುದಿಲ್ಲ.

ಗಾರ್ಡ್ ಮಾತು ಗಂಭೀರ. ಸುರಕ್ಷತೆಗೆ ಇಟ್ಟದ್ದೆಂದು ಗೊತ್ತಿದ್ದೂ ಬೇಕೆಂದೇ ತೆಗೆದಿದ್ದರೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಲ್ಲದ ಗಾಯಗಳಲ್ಲಿ ಮಾಲೀಕನಿಗೆ ವಿನಾಯಿತಿ ಉಂಟು. ಆದರೆ ಅದನ್ನು ಸಾಬೀತು ಮಾಡಬೇಕಾದವರು ಓನರೇ. ಪ್ರೊಡಕ್ಷನ್ ಬೇಗ ಆಗಲಿ ಅಂತ ಸೂಪರ್‌ವೈಸರ್ ಕಣ್ಣೆದುರೇ ಗಾರ್ಡ್ ಬಿಚ್ಚಿ ಓಡಿಸುವ ರೂಢಿ ನಿಮ್ಮಲ್ಲಿದ್ದರೆ ಈ ವಾದ ನಿಲ್ಲುವುದು ಕಷ್ಟ.

ಓನರ್ ಜವಾಬ್ದಾರಿಯನ್ನೇ ನಿರಾಕರಿಸಿದರೆ ‘ಒಪ್ಪುವಷ್ಟು’ ಅನ್ನುವುದೇ ಉಳಿಯುವುದಿಲ್ಲ, 4ಎ ಅಡಿ ಮಧ್ಯಂತರ ಹಣ ಸಿಗದು. ಹಾಗಾದರೆ ಆ ಆಪರೇಟರ್‌ಗೆ ದಯವಿಟ್ಟು ತಿಳಿಸಿ: ಅಪಘಾತವಾದ 2 ವರ್ಷದೊಳಗೆ ಕ್ಲೇಮ್ ಹಾಕಬೇಕು, ಡಾಕ್ಟರ್ ಸರ್ಟಿಫಿಕೇಟ್‌ಗಳನ್ನೂ ಸಂಬಳ ಬಂದ ಫೋನ್‌ಪೇ ದಾಖಲೆಗಳನ್ನೂ ಈಗಲೇ ತೆಗೆದಿಟ್ಟುಕೊಳ್ಳಲಿ.