ಬೆಳಗಿನ ಚಳಿಯಲ್ಲಿ ಪಿಕಪ್ ಟಿಕ್ ಟಿಕ್ ಅನ್ನುತ್ತದೆ, ಘಾಟಿ ಹತ್ತಿದರೆ ಆಯಿಲ್ ಸುಟ್ಟ ವಾಸನೆ: ಟರ್ಬೊ ಹೋಗಿದೆಯಾ?

ಪ್ರಶ್ನೆ (ಮೂಡಿಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಟರ್ಬೊ ಡೀಸೆಲ್ ಪಿಕಪ್, ಎರಡೂವರೆ ಲೀಟರ್ ಎಂಜಿನ್, 1,38,000 ಕಿಲೋಮೀಟರ್ ಓಡಿದೆ. ಈಗ ಕಾಫಿ ಕೊಯ್ಲು, ಗಾಡಿಗೆ ಒಂದು ದಿನವೂ ಬಿಡುವಿಲ್ಲ. ಮೂರು ವಾರದಿಂದ ಬೆಳಗ್ಗೆ ಸೆಲ್ಫ್ ಹೊಡೆದ ಕೂಡಲೇ ಎಂಜಿನ್ನಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು. ರೇಸ್ ಕೊಟ್ಟರೆ ಸದ್ದೂ ಅಷ್ಟೇ ಬೇಗ ಬೇಗ ಆಗುತ್ತದೆ. ಐದಾರು ನಿಮಿಷ ಓಡಿಸಿದ ಮೇಲೆ ಕಮ್ಮಿಯಾಗುತ್ತಾ ಬಂದು, ಪೇಟೆ ಸೇರುವಷ್ಟರಲ್ಲಿ ನಿಂತೇ ಹೋಗುತ್ತದೆ. ಮಧ್ಯಾಹ್ನ ಎಂಜಿನ್ ಬಿಸಿ ಇರುವಾಗ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಇಲ್ಲ.

ಇದರ ಜೊತೆ ಆಯಿಲ್ ಸುಟ್ಟ ವಾಸನೆ ಬೇರೆ. ಅದು ಬೆಳಗ್ಗೆ ಬರುವುದಿಲ್ಲ. ಲೋಡ್ ಹಾಕಿಕೊಂಡು ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದರೆ ಕ್ಯಾಬಿನ್ ತುಂಬಾ ವಾಸನೆ. ಬಾನೆಟ್ ಎತ್ತಿದರೆ ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಭಾಗ) ಕಡೆಯಿಂದ ಸಣ್ಣಗೆ ಹೊಗೆ ಏಳುತ್ತಿರುತ್ತದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣಿಸಿಲ್ಲ. ಡಿಪ್ ಸ್ಟಿಕ್ ನೋಡಿದರೆ 2,000 ಕಿ.ಮೀ.ಗೆ ಹತ್ತಿರ ಹತ್ತಿರ ಕಾಲು ಲೀಟರ್ ಇಳಿದಿದೆ.

ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಎರಡು ನಿಮಿಷ ಕಿವಿಗೊಟ್ಟು, ಟರ್ಬೊ ಹೋಗಿದೆ, ಹೊಸದು ಹಾಕಬೇಕು ಅಂದುಬಿಟ್ಟರು. ಅವರು ಹೇಳಿದ ರೇಟಿಗೆ ಎದೆ ಧಸಕ್ ಅಂತು. ಏನು ಮಾಡಲಿ, ಹೇಳಿ.

ಉತ್ತರ (ಹಾಸನದಿಂದ)

ಟರ್ಬೊಗೆ ಈಗಲೇ ದುಡ್ಡು ಹಾಕಬೇಡಿ ಸರ್. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಸದ್ದು ತಣ್ಣಗಿದ್ದಾಗ ಮಾತ್ರ, ವಾಸನೆ ಬಿಸಿಯಾದಾಗ ಮಾತ್ರ. ಇದು ಎರಡು ಬೇರೆ ಬೇರೆ ತೊಂದರೆ ಅಂತ ಇಟ್ಟುಕೊಂಡು ಒಂದೊಂದನ್ನೇ ಹುಡುಕಿ. ಎರಡನ್ನೂ ಒಟ್ಟಿಗೆ ಟರ್ಬೊ ತಲೆಗೆ ಕಟ್ಟುವುದರಿಂದಲೇ ಸುಮ್ನೆ ಪಾರ್ಟ್ ಬದಲಾಯಿಸುವ ಖರ್ಚು ಬರುವುದು.

ಮೊದಲು ಸದ್ದು. ಟರ್ಬೊ ಬೇರಿಂಗ್ ಸವೆದರೆ ಟಿಕ್ ಟಿಕ್ ಅನ್ನುವುದಿಲ್ಲ. ಅದು ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟಿ ತಿರುಗುವ ವಸ್ತು, ಅದರ ಸದ್ದು ಕುಯ್ಯೋ ಅಂತ ಸೈರನ್ ಥರ ಇರುತ್ತದೆ. ಲೋಡಿನಲ್ಲಿ ಎಳೆಯುವಾಗ ಜಾಸ್ತಿಯಾಗುತ್ತದೆ, ಬಿಸಿಯಾದರೂ ಹೋಗುವುದಿಲ್ಲ. ಇನ್ನು ಎಂಜಿನ್ ಒಳಗಿನ ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಸಡಿಲವಾಗಿದ್ದರೆ ಸೆಲ್ಫ್ ಹೊಡೆದಾಗ ಎರಡು ಮೂರು ಸೆಕೆಂಡ್ ಗರಗರ ಅಂದು, ಆಯಿಲ್ ಪ್ರೆಶರ್ ಬಂದ ಕೂಡಲೇ ನಿಲ್ಲುತ್ತದೆ. ನಿಮ್ಮದು ಐದಾರು ನಿಮಿಷ ಇರುತ್ತದೆ, ಹಾಗಾಗಿ ಅದೂ ಅಲ್ಲ ಅನಿಸುತ್ತದೆ. ಚಳಿಯಲ್ಲಿ ಡೀಸೆಲ್ ಎಂಜಿನ್ ಸ್ವಲ್ಪ ಕಟಕಟ ಅನ್ನುವುದು ಮಾಮೂಲು. ತಣ್ಣಗಿರುವಾಗ ಡೀಸೆಲ್ ಹತ್ತಿಕೊಳ್ಳಲು ಒಂಚೂರು ತಡವಾಗುತ್ತದೆ, ಅಷ್ಟರಲ್ಲಿ ಸೇರಿದ್ದೆಲ್ಲ ಒಟ್ಟಿಗೆ ಉರಿಯುತ್ತದೆ, ಅದಕ್ಕೆ ಆ ಬಡಿತ. ಆದರೆ ಅದು ಎಂಜಿನ್ ತುಂಬಾ ಕೇಳಿಸುತ್ತದೆ, ಒಂದು ಮೂಲೆಯಿಂದ ಅಲ್ಲ.

ನನ್ನ ಅನುಮಾನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ, ಅಂದರೆ ಎಲ್ಲ ಸಿಲಿಂಡರಿನ ಹೊಗೆಯನ್ನು ಸೇರಿಸಿ ಒಯ್ಯುವ ಕಬ್ಬಿಣದ ಭಾಗ. ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗುವ ಮರದ ಬಾಗಿಲು ಬೇಸಿಗೆಯಲ್ಲಿ ಸಂದು ಬಿಡುತ್ತದಲ್ವಾ, ಮ್ಯಾನಿಫೋಲ್ಡ್ ಕಥೆಯೂ ಅಷ್ಟೇ. ತಣ್ಣಗಿದ್ದಾಗ ಪ್ಯಾಕಿಂಗ್ ಹತ್ತಿರ ಕೂದಲೆಳೆ ಸಂದು ಇರುತ್ತದೆ, ಆ ಸಿಲಿಂಡರ್ ಹೊಗೆ ಬಿಟ್ಟಾಗಲೆಲ್ಲ ಅಲ್ಲಿಂದ ಟಿಕ್ ಅನ್ನುತ್ತದೆ. ಕಬ್ಬಿಣ ಕಾದು ಹಿಗ್ಗಿದರೆ ಸಂದು ಮುಚ್ಚಿ ಸದ್ದು ನಿಲ್ಲುತ್ತದೆ. ಮ್ಯಾನಿಫೋಲ್ಡ್ ಉದ್ದಕ್ಕೆ ಹಿಗ್ಗುವುದರಿಂದ ಅದನ್ನು ಹಿಡಿದಿಡುವ ತಿರುಪಿನ ಕಡ್ಡಿಗಳಲ್ಲಿ ಎರಡು ತುದಿಯ ಸ್ಟಡ್‌ಗಳ ಮೇಲೆ ಎಳೆತ ಜಾಸ್ತಿ, ಮುರಿಯುವುದೂ ಸಾಮಾನ್ಯವಾಗಿ ಅವೇ.

ನಾಳೆ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಟಾರ್ಚ್ ಹಿಡಿದು ನೋಡಿ. ಹೀಟ್ ಶೀಲ್ಡ್ ಅಡ್ಡ ಇದ್ದರೆ ಬಿಚ್ಚಿ. ನಟ್‌ಗಳನ್ನು ಎಣಿಸಿ. ಮ್ಯಾನಿಫೋಲ್ಡ್ ಎಂಜಿನ್ ಮೇಲ್ಭಾಗದ ಹೆಡ್‌ಗೆ ಕೂರುವ ಜಾಗದಲ್ಲಿ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಮಸಿ ಗೆರೆ ಇದ್ದರೆ ಕಳ್ಳ ಸಿಕ್ಕ ಹಾಗೆ. ಆಮೇಲೆ ಒಂದು ಮೀಟರ್ ರಬ್ಬರ್ ಪೈಪ್ ತಗೊಳ್ಳಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದು ಸಿಲಿಂಡರಿನ ಹೊಗೆ ಹೊರಬರುವ ಪೋರ್ಟಿನ ಹತ್ತಿರ. ಲೀಕ್ ಇರುವ ಕಡೆ ಪಟ್ ಪಟ್ ಅಂತ ಕಿವಿಗೇ ಹೊಡೆಯುತ್ತದೆ. ಸ್ಟಾರ್ಟ್ ಆದ ಮೊದಲ ಎರಡು ನಿಮಿಷದಲ್ಲೇ ಇದು ಮುಗಿಯಬೇಕು. ಫ್ಯಾನು, ಬೆಲ್ಟಿನಿಂದ ಕೈ ಮತ್ತು ಟವೆಲ್ ದೂರ ಇರಲಿ. ಮತ್ತೆ, ಶೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಲೇಬೇಡಿ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯೇ ಇಲ್ಲ.

ಈಗ ವಾಸನೆ. ಎಲ್ಲೋ ಜಿನುಗಿದ ಆಯಿಲ್ ಕಾದ ಕಬ್ಬಿಣದ ಮೇಲೆ ಬಿದ್ದು ಸುಡುತ್ತಿದೆ, ಅಷ್ಟು ಖಂಡಿತ. ಎಲ್ಲಿಂದ ಅನ್ನುವುದೇ ಪ್ರಶ್ನೆ. ಎಂಜಿನ್ ಮೇಲಿನ ಮುಚ್ಚಳದ (ಟ್ಯಾಪೆಟ್ ಕವರ್) ಪ್ಯಾಕಿಂಗ್ ಇರಬಹುದು, ಟರ್ಬೊಗೆ ಆಯಿಲ್ ತರುವ ಪೈಪಿನ ಬೋಲ್ಟ್ ಇರಬಹುದು, ಕೆಳಗೆ ಆಯಿಲ್ ವಾಪಸ್ ಇಳಿಯುವ ಪೈಪಿನ ಪ್ಯಾಕಿಂಗ್ ಇರಬಹುದು. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಫ್ಯಾನ್ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹಾಗಾಗಿ ಒದ್ದೆ ಕಂಡ ಜಾಗವೇ ಲೀಕ್ ಜಾಗ ಅಲ್ಲ. ತಣ್ಣಗಿನ ಎಂಜಿನ್‌ಗೆ ಡಿಗ್ರೀಸರ್ ಹಾಕಿ ಬ್ರಷ್‌ನಲ್ಲಿ ಉಜ್ಜಿ ಒರೆಸಿ, ಆಲ್ಟರ್ನೇಟರ್ ಮೇಲೆ ಪ್ಲಾಸ್ಟಿಕ್ ಕಟ್ಟಿಕೊಳ್ಳಿ. ಡೀಸೆಲ್‌ನಲ್ಲಿ ತೊಳೆಯಬೇಡಿ, ಮ್ಯಾನಿಫೋಲ್ಡ್ ಮೇಲೆ ಉಳಿದರೆ ಬೆಂಕಿಯ ಭಯ. ಪೂರ್ತಿ ಒಣಗಿದ ಮೇಲೆ ಆ ಜಾಗಕ್ಕೆಲ್ಲ ತೆಳ್ಳಗೆ ಟಾಲ್ಕಂ ಪೌಡರ್ ಊದಿ. ಮಗುವಿಗೆ ಹಚ್ಚುವ ಪೌಡರ್ ಸಾಕು. ಒಂದು ಸಲ ಘಾಟಿ ಹತ್ತಿ ಬನ್ನಿ. ಬಿಳಿ ಪುಡಿಯ ಮೇಲೆ ಎಲ್ಲಕ್ಕಿಂತ ಎತ್ತರದಲ್ಲಿ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿಂದಲೇ ಶುರು.

ಟರ್ಬೊ ನೋಡಲೇಬೇಕು ಅಂದರೆ ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಗಾಳಿ ಬರುವ ಕಡೆಯ ಹೋಸ್ ತೆಗೆದು ಶಾಫ್ಟ್ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕಕ್ಕೆ ಒಂಚೂರು ಆಡುವುದು ಸರಿಯೇ, ಆ ಬೇರಿಂಗ್ ಆಯಿಲ್ ಪದರದ ಮೇಲೆ ತೇಲುವಂಥದ್ದು. ಒಳಗೆ ಹೊರಗೆ ಆಡುವುದು ಕೈಗೆ ಗೊತ್ತಾಗಬಾರದು. ಹಾಗೆ ಆಡಿದರೆ, ಇಲ್ಲವೇ ಟರ್ಬೊ ಚಕ್ರದ ರೆಕ್ಕೆ ಸುತ್ತಲಿನ ಗೋಡೆಗೆ ಉಜ್ಜಿದ ಗುರುತು ಇದ್ದರೆ ಮಾತ್ರ ಗ್ಯಾರೇಜಿನವರು ಹೇಳಿದ್ದು ನಿಜ.

ಇನ್ನೊಬ್ಬರು (ಶಿರಸಿಯಿಂದ)

ಆಯಿಲ್ ಫಿಲ್ಟರ್ ಯಾವುದು ಹಾಕಿದ್ದೀರಿ ಅಂತಲೂ ನೋಡಿ. ನನ್ನ ಗಾಡಿಯಲ್ಲಿ ಅಗ್ಗದ ಫಿಲ್ಟರ್ ಹಾಕಿದ ಮೇಲೆ ಬೆಳಗ್ಗೆ ಗರಗರ ಶುರುವಾಯಿತು. ಆಯಿಲ್ ವಾಪಸ್ ಇಳಿಯದ ಹಾಗೆ ಫಿಲ್ಟರ್ ಒಳಗೆ ಒಂದು ರಬ್ಬರ್ ವಾಲ್ವ್ ಇರುತ್ತದೆ, ಅದು ಸರಿಯಿಲ್ಲದಿದ್ದರೆ ರಾತ್ರಿಯೆಲ್ಲ ಆಯಿಲ್ ಕೆಳಗಿಳಿದು ಬೆಳಗ್ಗೆ ಎಂಜಿನ್ ಮೇಲ್ಭಾಗ ಸ್ವಲ್ಪ ಹೊತ್ತು ಆಯಿಲ್ ಇಲ್ಲದೆ ಓಡುತ್ತದೆ. ನಿಮ್ಮದು ಅದಲ್ಲ ಅನಿಸುತ್ತದೆ, ಆದರೂ ಹೇಳಿದೆ.

ಪ್ರಶ್ನೆ ಕೇಳಿದವರು, ನಾಲ್ಕು ದಿನದ ಮೇಲೆ

ಹಾಸನದ ಸರ್, ನೀವು ಹೇಳಿದ ಹಾಗೇ ಸಿಕ್ಕಿತು! ಬೆಳಗ್ಗೆ ಆರು ಗಂಟೆಗೆ ಟಾರ್ಚ್ ಹಿಡಿದು ನೋಡಿದೆ. ನಾಲ್ಕನೇ ಸಿಲಿಂಡರಿನ ಕೊನೆಯ ಸ್ಟಡ್ ಇರಬೇಕಾದ ಕಡೆ ಬರೀ ತೂತು. ನಟ್ ಸಮೇತ ಮುರಿದು ಎಲ್ಲೋ ಬಿದ್ದುಹೋಗಿದೆ. ಒಳಗೆ ಉಳಿದ ತುಂಡು ತುಕ್ಕು ಹಿಡಿದು ಕೆಂಪಗೆ ಕಾಣುತ್ತದೆ. ಅದರ ಸುತ್ತ ಬೆರಳಗಲ ಕಪ್ಪು ಮಸಿ, ಮುಟ್ಟಿದರೆ ಕೈಗೆ ಅಂಟಿತು. ರಬ್ಬರ್ ಪೈಪಿನಲ್ಲಿ ಕೇಳಿದಾಗ ಉಳಿದ ಮೂರು ಕಡೆ ಸುಮ್ಮನೆ ಗುಂಯ್ ಅನ್ನುತ್ತಿತ್ತು, ಅಲ್ಲಿ ಮಾತ್ರ ಪಟ್ ಪಟ್.

ಪೌಡರ್ ಹಾಕಿ ಘಾಟಿಗೂ ಹೋಗಿ ಬಂದೆ. ಟ್ಯಾಪೆಟ್ ಕವರ್ ಸುತ್ತ ಪುಡಿ ಹಾಗೇ ಬೆಳ್ಳಗಿದೆ. ಟರ್ಬೊ ತಲೆಯ ಮೇಲೆ ಆಯಿಲ್ ಪೈಪ್ ಕೂರುವ ಬೋಲ್ಟ್ ಹತ್ತಿರ ತಾಮ್ರದ ವಾಷರ್ ಅಂಚಿನಲ್ಲಿ ಒಂದು ಹನಿ ನಿಂತಿತ್ತು, ಅಲ್ಲಿಂದ ಕೆಳಕ್ಕೆ ಕಂದು ಗೆರೆ. ಶಾಫ್ಟ್ ಅಕ್ಕಪಕ್ಕ ಸ್ವಲ್ಪ ಆಡುತ್ತದೆ, ಒಳಗೆ ಹೊರಗೆ ಇಲ್ಲ. ರೆಕ್ಕೆ ಚೆನ್ನಾಗಿದೆ. ಮುಂದೆ ಏನು ಮಾಡಿಸಲಿ? ಬೋಲ್ಟ್ ಸುತ್ತ ಸಿಲಿಕಾನ್ ಗಮ್ ಹಚ್ಚಿಬಿಡಬಹುದಾ?

ಉತ್ತರ (ಹಾಸನದಿಂದ)

ಗಮ್ ಬೇಡ, ದಯವಿಟ್ಟು ಬೇಡ. ಆ ಬೋಲ್ಟ್ ಒಳಗೆ ಟೊಳ್ಳು, ಆಯಿಲ್ ಹೋಗುವ ತೂತು ತೀರಾ ಸಣ್ಣದು. ಗಮ್ಮಿನ ಚೂರು ಒಳಗೆ ಸೇರಿ ದಾರಿ ಕಟ್ಟಿದರೆ ಚೆನ್ನಾಗಿರುವ ಟರ್ಬೊ ಆಯಿಲ್ ಸಿಗದೆ ಕೆಡುತ್ತದೆ. ಎರಡು ಹೊಸ ತಾಮ್ರದ ವಾಷರ್ ತರಿಸಿ, ಬೋಲ್ಟ್ ತೂರುವ ಪೈಪಿನ ಬಳೆಯ ಮೇಲೊಂದು ಕೆಳಗೊಂದು. ಹಳೆಯದನ್ನು ತಿರುಗಿಸಿ ಹಾಕಬೇಡಿ. ಜೋರಾಗಿಯೂ ಬಿಗಿಯಬೇಡಿ, ಟೊಳ್ಳು ಬೋಲ್ಟ್ ಮುರಿಯುತ್ತದೆ. ಬಿಚ್ಚಿದಾಗ ಟರ್ಬೊ ಒಳಗೆ ಸ್ವಲ್ಪ ಹೊಸ ಆಯಿಲ್ ಬಿಟ್ಟು ಜೋಡಿಸಿ, ಸ್ಟಾರ್ಟ್ ಆದ ಮೇಲೆ ಒಂದೆರಡು ನಿಮಿಷ ರೇಸ್ ಕೊಡದೆ ಬಿಡಿ.

ಸ್ಟಡ್ ಕೆಲಸ ಕೈ ಪಳಗಿದವರಿಗೇ ಕೊಡಿ. ಎರಡು ಮೂರು ರಾತ್ರಿ ತುಕ್ಕು ಬಿಡಿಸುವ ಆಯಿಲ್ ಹಾಕಿ ನೆನೆಸಿ. ಮುರಿದ ತುಂಡು ಮೇಲಕ್ಕೆ ಬಂದಿದ್ದರೆ ಅದಕ್ಕೆ ನಟ್ ವೆಲ್ಡ್ ಮಾಡಿ ತಿರುಗಿಸುತ್ತಾರೆ, ವೆಲ್ಡಿಂಗ್ ಕಾವಿಗೇ ತುಕ್ಕು ಬಿಡುತ್ತದೆ. ಒಳಗೇ ಮುರಿದಿದ್ದರೆ ತುಂಡಿನ ಸರಿ ಮಧ್ಯಕ್ಕೆ ಡ್ರಿಲ್ ಮಾಡಬೇಕು, ವಾರೆಯಾದರೆ ಹೆಡ್ಡೇ ಬಿಚ್ಚುವ ಗತಿ. ಮ್ಯಾನಿಫೋಲ್ಡ್ ಹೊರಗೆ ಬಂದ ಮೇಲೆ ಅದರ ಮುಖ ಸಮ ಇದೆಯಾ ಅಂತ ನೇರ ಪಟ್ಟಿ ಇಟ್ಟು ನೋಡಿಸಿ, ಸೊಟ್ಟಗಾಗಿದ್ದರೆ ಮೊದಲು ಫೇಸಿಂಗ್, ಅಂದರೆ ಮುಖ ಸವರಿ ಸಮ ಮಾಡಿಸಬೇಕು. ಸೊಟ್ಟ ಮುಖಕ್ಕೆ ಹೊಸ ಪ್ಯಾಕಿಂಗ್ ಹಾಕಿದರೆ ಮತ್ತೆ ಅದೇ ಸ್ಟಡ್ ಮುರಿಯುತ್ತದೆ. ಸ್ಟಡ್ ಅಷ್ಟೂ ಹೊಸದು ಹಾಕಿಸಿ, ನಡುವಿನಿಂದ ತುದಿಯ ಕಡೆಗೆ ಟಾರ್ಕ್ ರೆಂಚಿನಲ್ಲಿ ಬಿಗಿಯಲು ಹೇಳಿ.

ಇನ್ನೊಂದು ಮಾತು, ಇದು ನಿಮ್ಮ ಗಾಡಿಗೆ ಬಂದಿಲ್ಲ, ಆದರೆ ಟರ್ಬೊ ಡೀಸೆಲ್ ಓಡಿಸುವ ಎಲ್ಲರಿಗೂ ಗೊತ್ತಿರಬೇಕು. ಟರ್ಬೊ ಸೀಲ್ ನಿಜವಾಗಿಯೂ ಹೋದರೆ ಎಂಜಿನ್ ತನ್ನದೇ ಆಯಿಲ್ ಕುಡಿದು ರೇಸ್ ಏರಿಸಿಕೊಳ್ಳಬಹುದು, ಕೀ ತೆಗೆದರೂ ನಿಲ್ಲುವುದಿಲ್ಲ. ಆಗ ಬ್ರೇಕ್ ಬಲವಾಗಿ ತುಳಿದು, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಕಟ್ಟಿಹಾಕಬೇಕು. ಬಾನೆಟ್ ಹತ್ತಿರ ಹೋಗಬೇಡಿ. ನೀಲಿ ಹೊಗೆ ದಟ್ಟವಾಗಿ ಬರಲು ಶುರುವಾದರೆ ಆ ಗಾಡಿಯನ್ನು ಘಾಟಿಗೆ ಒಯ್ಯಬೇಡಿ.

ಪ್ರಶ್ನೆ ಕೇಳಿದವರು, ಎರಡು ವಾರದ ಮೇಲೆ

ಕೆಲಸ ಆಯಿತು ಸರ್. ಬೇರೆ ಕಡೆ ಮಾಡಿಸಿದೆ. ತುಂಡು ನಟ್ ವೆಲ್ಡ್ ಮಾಡಿದ ಎರಡನೇ ಸಲಕ್ಕೆ ಬಂತು. ಮ್ಯಾನಿಫೋಲ್ಡ್ ಸ್ವಲ್ಪ ಸೊಟ್ಟ ಇತ್ತು, ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿದೆ. ಸ್ಟಡ್, ಪ್ಯಾಕಿಂಗ್, ವಾಷರ್, ಕೂಲಿ ಎಲ್ಲ ಸೇರಿ ಟರ್ಬೊಗೆ ಹೇಳಿದ್ದರ ಹತ್ತನೇ ಒಂದು ಭಾಗವೂ ಆಗಲಿಲ್ಲ. ಆ ಟಿಕ್ ಟಿಕ್ ಇಲ್ಲ. ನಿನ್ನೆ ಲೋಡ್ ಸಮೇತ ಘಾಟಿ ಹತ್ತಿ ನಿಲ್ಲಿಸಿದೆ, ವಾಸನೆಯೂ ಇಲ್ಲ. ಅಪ್ಪ ಬಾನೆಟ್ ಮೇಲೆ ಬಗ್ಗಿ ಮೂಸಿ ನೋಡಿ ತಲೆಯಾಡಿಸಿದರು.

ಈಗ ಆ ಸದ್ದು ಹೋದ ಮೇಲೆ ಇನ್ನೊಂದು ಗೊತ್ತಾಗುತ್ತಿದೆ. ಬೆಳಗ್ಗೆ ಮೊದಲ ಅರ್ಧ ನಿಮಿಷ ಎಂಜಿನ್ ಸ್ವಲ್ಪ ನಡುಗುತ್ತದೆ, ಬಿಳಿ ಹೊಗೆ ಒಂದು ಗುಕ್ಕು ಬಂದು ನಿಲ್ಲುತ್ತದೆ.

ಉತ್ತರ (ಹಾಸನದಿಂದ)

ತುಂಬಾ ಖುಷಿಯಾಯಿತು. ಈಗಿನದು ಹೀಟರ್ ಪ್ಲಗ್ ಇರಬೇಕು, ಅಂದರೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಒಳಗೆ ಕಾವು ಕೊಡುವ ಪ್ಲಗ್, ನಾಲ್ಕರಲ್ಲಿ ಒಂದು ಸತ್ತಿರಬಹುದು. ವೈರ್ ತೆಗೆದು ಮಲ್ಟಿಮೀಟರಿನಲ್ಲಿ ಒಂದೊಂದಾಗಿ ಪ್ಲಗ್ ತುದಿಗೂ ಎಂಜಿನ್ ಬಾಡಿಗೂ ನಡುವೆ ಓಮ್ ನೋಡಿ. ಸರಿ ಇರುವ ಪ್ಲಗ್ ಸಾಮಾನ್ಯವಾಗಿ ಒಂದೆರಡು ಓಮ್ ಒಳಗೇ ತೋರಿಸುತ್ತದೆ, ಏನೂ ತೋರಿಸದಿದ್ದರೆ ಅದೇ ಹೋಗಿರುವುದು. ತೆಗೆಯುವಾಗ ಎಂಜಿನ್ ಉಗುರುಬೆಚ್ಚಗೆ ಇರಲಿ, ಬಲ ಹಾಕಬೇಡಿ, ಇದೂ ಒಳಗೇ ಮುರಿಯುವ ಜಾತಿ. ನಾಲ್ಕರ ರೀಡಿಂಗನ್ನೂ ಇಲ್ಲಿ ಬರೆಯಿರಿ.