ಮನೆ ತೋಟದ ಮೀನಿನ ಕೊಳಕ್ಕೆ ಯಾವ ಫಿಲ್ಟರ್ ಹಾಕಿಸೋದು?

ಸಂಪಿಗೆಮರ:
ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ ಮನೆ ಹಿಂದೆ ಸಿಮೆಂಟ್ ಕೊಳ ಕಟ್ಸಿದೀವಿ, 8 ಅಡಿ ಉದ್ದ, 5 ಅಡಿ ಅಗಲ, ಎರಡೂವರೆ ಅಡಿ ಆಳ. ಗೋಲ್ಡ್‌ಫಿಶ್ ಜೊತೆ ನಾಲ್ಕು ಕೋಯಿ (ಬಣ್ಣದ ಕಾರ್ಪ್ ಮೀನು) ಮರಿ ಇದಾವೆ, ಮೂಲೇಲಿ ಒಂದು ನೈದಿಲೆ ಕುಂಡ. ಬೋರ್‌ವೆಲ್ ನೀರು. ಬಿಸಿಲು ಜೋರಾದಾಗಿಂದ ನೀರು ಪಾಲಕ್ ಸೂಪ್ ಥರ ಹಸಿರಾಗಿದೆ, ಮೀನು ಮೇಲೆ ಬಂದ್ರೆ ಮಾತ್ರ ಕಾಣ್ಸತ್ತೆ, ಅರ್ಧ ನೀರು ಬದಲಾಯಿಸಿದ್ರೂ ವಾರದೊಳಗೆ ಮತ್ತೆ ಅದೇ ಕಥೆ. ಒಬ್ಬ ಅಂಗಡಿಯವ್ರು ಸ್ವಿಮ್ಮಿಂಗ್ ಪೂಲ್‌ಗೆ ಹಾಕೋ ಸ್ಯಾಂಡ್ ಫಿಲ್ಟರ್ ಹಾಕ್ಸಿ, ಅರ್ಧ ಎಚ್‌ಪಿ ಮೋಟರ್ ಸಾಕು ಅಂತಾರೆ. ಇನ್ನೊಬ್ರು ಯುವಿ (ಅತಿನೇರಳೆ) ಲೈಟ್ ಒಳಗೇ ಇರೋ ಪ್ರೆಶರ್ ಫಿಲ್ಟರ್, ಅಂದ್ರೆ ಮುಚ್ಚಿದ ಡಬ್ಬಿ ಥರದ್ದು, ತೋರಿಸಿದ್ರು. ನೀಲಿ ಡ್ರಮ್ಮಲ್ಲಿ ಮನೇಲೇ ಮಾಡ್ಕೊಳ್ಳೋರೂ ಇದಾರಂತೆ. ನಮ್ಮ ಏರಿಯಾದಲ್ಲಿ ಮಳೆಗಾಲದಲ್ಲಿ ಕರೆಂಟ್ ಗಂಟೆಗಟ್ಲೆ ಇರಲ್ಲ. ಯಾವ್ದು ತಗೊಳ್ಲಿ?

ಕೆರೆದಂಡೆ:
ಮೊದಲು ಲೆಕ್ಕ ಹಾಕಿ. ನಿಮ್ಮ ಅಳತೆಗೆ 100 ಘನ ಅಡಿ ಆಯ್ತು, ಒಂದು ಘನ ಅಡಿಗೆ 28.3 ಲೀಟರ್, ಅಂದ್ರೆ ಸುಮಾರು 2,800 ಲೀಟರ್. ಕೋಯಿ ಇದ್ರೆ ಅಷ್ಟೂ ನೀರು ಗಂಟೆಗೊಂದು ಸಲ ಫಿಲ್ಟರ್ ದಾಟಬೇಕು. ಪಂಪಿನ ಬಾಕ್ಸ್ ಮೇಲೆ ಬರೆದಿರೋ ಲೀಟರ್ ನೀರು ಮೇಲೆತ್ತದೇ ಇದ್ದಾಗ ಸಿಗೋದು, ನಾಲ್ಕಡಿ ಎತ್ತಿದ್ರೆ ಚೆನ್ನಾಗೇ ಇಳಿಯತ್ತೆ, ಅದಕ್ಕೆ ಗಂಟೆಗೆ 4,000 ಲೀಟರಿಂದು ತಗೊಳ್ಳಿ.

ಸ್ಯಾಂಡ್ ಫಿಲ್ಟರ್ ಖಂಡಿತ ಬೇಡ. ಮೀನಿನ ಹೊಲಸು ಸೇರಿ ಮರಳು ಗಟ್ಟಿಯಾಗತ್ತೆ, ನೀರು ಸಂದಿ ಹುಡುಕ್ಕೊಂಡು ಹಾಗೇ ಹೋಗ್ಬಿಡತ್ತೆ. ಮೇಲಾಗಿ ಅರ್ಧ ಎಚ್‌ಪಿ ಮೋಟರ್ 24 ಗಂಟೆ ಓಡಿದ್ರೆ ದಿನಕ್ಕೆ 9 ಯೂನಿಟ್‌ಗಿಂತ ಕಮ್ಮಿ ಬರಲ್ಲ, 50 ವ್ಯಾಟಿನ ಪಾಂಡ್ ಪಂಪಿಗೆ ದಿನಕ್ಕೆ 1.2 ಯೂನಿಟ್ ಅಷ್ಟೇ.

ಹಸಿರು ನೀರು ಬೇರೆ, ಮೀನಿಗೆ ಆಗೋ ತೊಂದರೆ ಬೇರೆ, ಇದನ್ನ ಬಹಳ ಜನ ಒಂದೇ ಅನ್ಕೋತಾರೆ. ಹಸಿರು ಅಂದ್ರೆ ತೇಲೋ ಪಾಚಿ, ಅದು ಎಷ್ಟು ಸಣ್ಣದು ಅಂದ್ರೆ ಸ್ಪಾಂಜಲ್ಲಿ ನಿಲ್ಲೋದೇ ಇಲ್ಲ, ಅದಕ್ಕೆ ಯುವಿ ಬೇಕು, ನಿಮಗೆ 18 ವ್ಯಾಟ್ ಸಾಕು (ಗೋಡೆಗೆ ಅಂಟಿರೋ ನಾರುಪಾಚಿಗೆ ಯುವಿ ಏನೂ ಮಾಡಲ್ಲ, ಕೈಯಲ್ಲೇ ತೆಗೀಬೇಕು). ಮೀನನ್ನ ಕೊಲ್ಲೋದು ಅದರ ಹೊಲಸಿಂದ ಬರೋ ಅಮೋನಿಯ, ಅದು ಕಣ್ಣಿಗೆ ಕಾಣಲ್ಲ. ಅದನ್ನ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡೋದು ಫಿಲ್ಟರ್ ಒಳಗೆ ಬೆಳೆಯೋ ಬ್ಯಾಕ್ಟೀರಿಯಾ. ಯುವಿ ಹಾಕಿ ನೀರು ತಿಳಿಯಾದ ಮಾತ್ರಕ್ಕೆ ಅಮೋನಿಯ ಹೋಯ್ತು ಅಂತಲ್ಲ.

ನನ್ನ ಓಟು 200 ಲೀಟರ್ ಡ್ರಮ್ಮಿಗೆ. ಪಂಪ್, ಅದಾದ್ಮೇಲೆ ಯುವಿ, ಆಮೇಲೆ ಡ್ರಮ್. ನೀರು ತಳದಿಂದ ಒಳಗೆ ಬಂದು ಬ್ರಷ್, ಸ್ಪಾಂಜ್, ಬಯೋಬಾಲ್ (ಬ್ಯಾಕ್ಟೀರಿಯಾ ಕೂರೋ ಪ್ಲಾಸ್ಟಿಕ್ ಉಂಡೆ) ದಾಟಿ ಮೇಲಿನ ಪೈಪಿಂದ ಕೊಳಕ್ಕೆ ಬೀಳ್ಲಿ, ಬೀಳುವಾಗ ಗಾಳಿನೂ ಸೇರ್ಕೊಳತ್ತೆ. ತಳದಲ್ಲಿ ಒಂದು ವಾಲ್ವ್ ಇಟ್ರೆ ಕೆಸರು ಬಿಡೋಕೆ ಸುಲಭ.

ಮಲಪ್ರಭಾ:
ಕರೆಂಟ್ ಹೋಗೋ ಕಡೆ ಮುಚ್ಚಿದ ಡಬ್ಬಿ ಫಿಲ್ಟರ್ ಬ್ಯಾಡ್ರಿ. ಪಂಪ್ ನಾಕೈದು ತಾಸು ನಿಂತ್ರ ಒಳಗ ಆಕ್ಸಿಜನ್ ಮುಗದು ಬ್ಯಾಕ್ಟೀರಿಯಾ ಸಾಯಾಕ ಹತ್ತತಾವ, ಕರೆಂಟ್ ಬಂದ ಕೂಡ್ಲೆ ಆ ಗಬ್ಬು ನೀರು ಸೀದಾ ಮೀನಿಗೆ ಹೋಗ್ತದ. ಡ್ರಮ್ಮಿನಾಗೂ ಬಾಳ ಹೊತ್ತು ನಿಂತಿತ್ತಂದ್ರ ತಳದ ನೀರು ಬಿಟ್ಟು ಆಮ್ಯಾಲೆ ಚಾಲೂ ಮಾಡ್ರಿ. ಬೋರಿನ ನೀರು ಗಡಸು ಇದ್ರ ಯುವಿ ಗಾಜಿನ ಕೊಳವಿಗೆ ಬಿಳಿ ಸುಣ್ಣ ಕೂಡ್ತದ, ಬೆಳಕು ಹೊರಗ ಬರಂಗಿಲ್ಲ, ಸ್ವಿಚ್ ತಗದು ಲಿಂಬಿಹಣ್ಣು ಇಲ್ಲಾ ವಿನೆಗರ್ ಹಚ್ಚಿ ವರಸ್ರಿ. ಬಲ್ಬ್ ಉರೀತಿದ್ರೂ ವರ್ಷಕ್ಕೊಮ್ಮೆ ಬದಲ್ ಮಾಡ್ಬೇಕ್ರಿ.

ಸಂಪಿಗೆಮರ:
ಇಬ್ರಿಗೂ ತುಂಬಾ ಥ್ಯಾಂಕ್ಸ್, ಹಾಗಾದ್ರೆ ಡ್ರಮ್ಮೇ. ಸ್ಪಾಂಜನ್ನ ನಲ್ಲಿ ನೀರಲ್ಲಿ ತೊಳೀಬೋದಾ? ಕಾಬಾಳೆ ಗಿಡ ಹಾಕಿದ್ರೆ ಉಪಯೋಗ ಇದ್ಯಾ?

ಕೆರೆದಂಡೆ:
ಕಾರ್ಪೊರೇಶನ್ ನೀರಲ್ಲಿ ತೊಳೀಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸತ್ತೋಗತ್ತೆ. ಬಕೆಟ್ಟಲ್ಲಿ ಕೊಳದ ನೀರೇ ತಗೊಂಡು ಹಿಂಡಿ, ಆ ನೀರು ಗಿಡಕ್ಕೆ ಹಾಕಿ. ಕಾಬಾಳೆ, ಲಾವಂಚ ಎರಡೂ ಒಳ್ಳೇದು, ಡ್ರಮ್ಮಿಂದ ನೀರು ಬೀಳೋ ಜಾಗದಲ್ಲಿ ಜಲ್ಲಿ ತೊಟ್ಟಿ ಮಾಡಿ ನೆಟ್ರೆ ನೈಟ್ರೇಟ್ ಎಳ್ಕೊಳತ್ತೆ, ಪಾಚಿಗೆ ಗೊಬ್ಬರ ಕಮ್ಮಿಯಾಗತ್ತೆ. ನೀರೊಳಗಿನ ಪಂಪ್ ಆದ್ರಿಂದ ಆ ಲೈನಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಕಟ್ ಮಾಡೋ ಸ್ವಿಚ್) ಇರ್ಲೇಬೇಕು, ಎಲೆಕ್ಟ್ರಿಷಿಯನ್ ಬೇಡ ಅಂದ್ರೂ ಹಾಕ್ಸಿ. ಕೋಯಿ ಎರಡಡಿ ಬೆಳೆಯೋ ಮೀನು, ಆ ಕೊಳದಲ್ಲಿ ನಾಲ್ಕು ಜಾಸ್ತಿನೇ, ದೊಡ್ಡವಾದ್ಮೇಲೆ ದೊಡ್ಡ ಕೊಳ ಇರೋರಿಗೆ ಕೊಡಿ, ಕೆರೆಗೆ ಮಾತ್ರ ಬಿಡ್ಬೇಡಿ. ಹೊಸ ಡ್ರಮ್ಮಲ್ಲಿ ಬ್ಯಾಕ್ಟೀರಿಯಾ ಸರಿಯಾಗಿ ನೆಲೆಯಾಗೋಕೆ ನಾಲ್ಕರಿಂದ ಆರು ವಾರ ಬೇಕು, ಅಲ್ಲೀವರೆಗೂ ಮೀನಿಗೆ ಊಟ ಅರ್ಧ ಮಾಡಿ, ರಾತ್ರಿನೂ ಪಂಪ್ ಆಫ್ ಮಾಡ್ಬೇಡಿ.